ಇಬ್ಬರಿಗೊಂದು ಐಷಾರಾಮಿ ಗಾಡಿ: ಶೋರೂಮಿನ ಲೆಕ್ಕ, ಕಬ್ಬಿನ ಲೆಕ್ಕ

ವೀಕ್ಷಕರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ನಮ್ಮ ಕಾರ್ಯಕ್ರಮಕ್ಕೆ ಬರೋ ಪ್ರಶ್ನೆಗಳಲ್ಲಿ ಮೊದಲೆಲ್ಲ ಎರಡೇ ವಿಷಯ ಇರ್ತಿದ್ವು. ಒಂದು ಕಬ್ಬಿನ ಬಿಲ್ಲು, ಇನ್ನೊಂದು ನೇಕಾರರ ಸಾಲ. ಈಗ ಮೂರನೆಯದೊಂದು ಸೇರಿಕೊಂಡಿದೆ. "ಸರ್, ನಾವು ಮನ್ಯಾಗ ಇಬ್ರ ಅದೀವ್ರಿ. ಏಳು ಸೀಟಿನ ದೊಡ್ಡ ಗಾಡಿ ಬ್ಯಾಡ. ಸಣ್ಣದ, ಆದ್ರ ಚಲೋದು ಬೇಕು. ಆಡಿ ತಗೊಳ್ಳೂಣೋ, ಬಿಎಂಡಬ್ಲ್ಯು ತಗೊಳ್ಳೂಣೋ?"

ಈ ಪ್ರಶ್ನೆ ಕೇಳಿ ನಗೋ ಜನ ಇದ್ದಾರೆ. ನಾನು ನಗಲ್ಲ. ದುಡಿದವರಿಗೆ ಒಳ್ಳೇ ಗಾಡಿ ಹತ್ತೋ ಹಕ್ಕಿದೆ. ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಕೊಂಡರೆ ಸಾಧನೆ, ಬನಹಟ್ಟಿಯ ಮಗ್ಗದ ಮನೆಯವರು ಕೊಂಡರೆ ಶೋಕಿ ಅನ್ನೋದು ಯಾವ ನ್ಯಾಯ? ಆದರೆ ಕೊಳ್ಳೋ ಮೊದಲು ಲೆಕ್ಕ ಗೊತ್ತಿರಬೇಕು. ನಾನು ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಸುದ್ದಿ ಓದೋ ಕೆಲಸ. ಹಾಗಾಗಿ ಇವತ್ತು ಎರಡನ್ನೂ ಸೇರಿಸಿ, ಶೋರೂಮಿನಲ್ಲಿ ಯಾರೂ ಹೇಳದ ಲೆಕ್ಕವನ್ನು ನಿಮ್ಮ ಮುಂದೆ ಇಡ್ತೀನಿ.

ಕಣದಲ್ಲಿ ಯಾರಿದ್ದಾರೆ?

ಐಷಾರಾಮಿ ಬ್ರ್ಯಾಂಡುಗಳ ಸಣ್ಣ ಎಸ್‌ಯುವಿ ಅಂದ ಕೂಡಲೇ ನಮ್ಮ ದೇಶದಲ್ಲಿ ಮುಖ್ಯವಾಗಿ ನಾಲ್ಕು ಹೆಸರು ಬರುತ್ತವೆ.

ಮೊದಲನೆಯದು ಬಿಎಂಡಬ್ಲ್ಯು ಎಕ್ಸ್1. ಇದರ ಮೂರನೇ ತಲೆಮಾರಿನ ಗಾಡಿ ಭಾರತಕ್ಕೆ ಬಂದದ್ದು 2023ರ ಜನವರಿಯಲ್ಲಿ. ಪೆಟ್ರೋಲ್ ಎಂಜಿನ್ 1.5 ಲೀಟರ್, ಮೂರೇ ಸಿಲಿಂಡರ್. ಡೀಸೆಲ್ 2 ಲೀಟರ್, ನಾಲ್ಕು ಸಿಲಿಂಡರ್. ಎರಡರಲ್ಲೂ ಎಂಜಿನ್ನಿನ ಶಕ್ತಿ ಹೋಗೋದು ಮುಂದಿನ ಚಕ್ರಗಳಿಗೆ ಮಾತ್ರ. ಜೋಡಣೆ ಚೆನ್ನೈನಲ್ಲಿ.

ಎರಡನೆಯದು ಮರ್ಸಿಡಿಸ್ ಜಿಎಲ್‌ಎ. ಈಗಿನ ರೂಪ 2021ರಲ್ಲಿ ಬಂತು, 2024ರ ಜನವರಿಯಲ್ಲಿ ತಿದ್ದುಪಡಿ ಆಯ್ತು. ಪೆಟ್ರೋಲ್ 1.3 ಲೀಟರ್, ಡೀಸೆಲ್ 2 ಲೀಟರ್. ಡೀಸೆಲ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ ಇದೆ. ಜೋಡಣೆ ಪುಣೆ ಹತ್ತಿರದ ಚಾಕಣದಲ್ಲಿ.

ಮೂರನೆಯದು ಆಡಿ ಕ್ಯೂ3. 2022ರ ಆಗಸ್ಟ್‌ನಲ್ಲಿ ಬಂದ ಎರಡನೇ ತಲೆಮಾರು. 2 ಲೀಟರ್ ಪೆಟ್ರೋಲ್ ಒಂದೇ, ಡೀಸೆಲ್ ಇಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕ್ವಾಟ್ರೋ ಇದೆ.

ನಾಲ್ಕನೆಯದು ವೋಲ್ವೋ ಕಂಪನಿಯ ವಿದ್ಯುತ್ ಗಾಡಿ. ಎಕ್ಸ್‌ಸಿ40 ರೀಚಾರ್ಜ್ ಅಂತ ಬಂತು, ಆಮೇಲೆ ಇಎಕ್ಸ್40 ಅಂತ ಹೆಸರು ಬದಲಾಯ್ತು. ಇದನ್ನು ಜೋಡಿಸೋದು ನಮ್ಮದೇ ರಾಜ್ಯದ ಹೊಸಕೋಟೆಯಲ್ಲಿ.

ಪಟ್ಟಿ ಇಷ್ಟೇ. ಈಗ ಅಸಲಿ ಪ್ರಶ್ನೆಗಳಿಗೆ ಬರೋಣ.

ಮೊದಲ ಪ್ರಶ್ನೆ: ನಿಜವಾದ ಬೆಲೆ ಎಷ್ಟು?

ಶೋರೂಮಿನ ಬೋರ್ಡಿನಲ್ಲಿ 50 ಲಕ್ಷ ಅಂತ ಬರೆದಿರುವ ಗಾಡಿ ಅಂದುಕೊಳ್ಳಿ. ಅದರೊಳಗೇ ಜಿಎಸ್‌ಟಿ ಸೇರಿರುತ್ತೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳಿಗೆ 40 ಪರ್ಸೆಂಟ್ ಜಿಎಸ್‌ಟಿ. ಅದಕ್ಕೂ ಮೊದಲು ದೊಡ್ಡ ಎಂಜಿನ್ನಿನ ಎಸ್‌ಯುವಿಗಳ ಮೇಲೆ ಸೆಸ್ ಸೇರಿ 50 ಪರ್ಸೆಂಟ್ ಬೀಳ್ತಿತ್ತು. ಅಂದರೆ ತೆರಿಗೆ ಇಳಿದಿದೆ. ಆದರೆ ಶೋರೂಮಿನ ಬಾಗಿಲು ದಾಟಿದ ಮೇಲೆ ರಾಜ್ಯದ ತೆರಿಗೆ ಕಾದಿರುತ್ತೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. ಒಟ್ಟು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. 50 ಲಕ್ಷಕ್ಕೆ 10 ಲಕ್ಷ ಅಂತ ಇಟ್ಕೊಳ್ಳಿ. 10 ಲಕ್ಷ ಮೀರಿದ ಕಾರಿಗೆ 1 ಪರ್ಸೆಂಟ್ ಟಿಸಿಎಸ್ ಹಿಡೀತಾರೆ. ಅದು ನಿಮ್ಮ ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತೆ, ಆದರೆ ಅವತ್ತು ಜೇಬಿನಿಂದ ಹೋಗಲೇಬೇಕು. ವಿಮೆ ಬೇರೆ. ಎಲ್ಲಾ ಸೇರಿಸಿದರೆ ಮನೆ ಮುಂದೆ ಬಂದು ನಿಲ್ಲೋ ಹೊತ್ತಿಗೆ 62 ಲಕ್ಷದ ಆಸುಪಾಸು.

ಇದನ್ನೇ ಕಬ್ಬಿನ ಲೆಕ್ಕದಲ್ಲಿ ಹೇಳ್ತೀನಿ. 2025ರ ನವೆಂಬರ್‌ನಲ್ಲಿ ರೈತರು ಬೀದಿಗಿಳಿದ ಮೇಲೆ ಸರ್ಕಾರ ಘೋಷಿಸಿದ ದರ ಟನ್ನಿಗೆ 3,300 ರೂಪಾಯಿ. 62 ಲಕ್ಷವನ್ನು 3,300ರಿಂದ ಭಾಗಿಸಿ. ಸುಮಾರು 1,880 ಟನ್. ಎಕರೆಗೆ 40 ಟನ್ ಇಳುವರಿ ಅಂತ ಹಿಡಿದರೆ 47 ಎಕರೆಯ ಇಡೀ ವರ್ಷದ ಬೆಳೆ. ಅದೂ ಗೊಬ್ಬರ, ನೀರು, ಕಟಾವಿನ ಖರ್ಚು ಒಂದು ರೂಪಾಯಿಯೂ ಕಳೆಯದೇ!

"ಮಹಾರಾಷ್ಟ್ರ ಪಾಸಿಂಗ್ ಮಾಡಿಸಿದ್ರ ತೆರಿಗಿ ಉಳೀತೈತಲ್ರಿ?" ಅನ್ನೋ ಸಲಹೆ ಕೊಡೋರು ಗಡಿ ಊರುಗಳಲ್ಲಿ ಕಮ್ಮಿ ಇಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ನೋಡಿ. ಬೇರೆ ರಾಜ್ಯದ ನೋಂದಣಿಯ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಇಲ್ಲಿನ ನಂಬರಿಗೆ ಬದಲಾಯಿಸಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಈ ತಾಲೂಕುಗಳಲ್ಲಿ ಇಂಥ ಗಾಡಿ ಎಷ್ಟಿರಬಹುದು? ಬೆರಳಲ್ಲಿ ಎಣಿಸಬಹುದು. ಸಾರಿಗೆ ಇಲಾಖೆಯವರ ಕಣ್ಣಿಗೆ ಬೀಳದೇ ಇರುತ್ತಾ?

ಎರಡನೇ ಪ್ರಶ್ನೆ: ದುಡ್ಡು ಯಾವಾಗ ಬರುತ್ತೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಸಂಬಳದವರಿಗೆ ದುಡ್ಡು ತಿಂಗಳಿಗೊಮ್ಮೆ ಬರುತ್ತೆ, ಕಂತೂ ತಿಂಗಳಿಗೊಮ್ಮೆ ಹೋಗುತ್ತೆ. ನಮ್ಮ ಕಬ್ಬಿನವರ ಕಥೆ ಹಾಗಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಹೀಗಿದೆ. ನೆಲದ ಮೇಲೆ ಹೇಗಿದೆ ಅನ್ನೋದನ್ನ ನಾನು ನಿಮಗೆ ಹೇಳಬೇಕಾಗಿಲ್ಲ. ಮಗ್ಗದವರದೂ ಅದೇ. ಹಬ್ಬ, ಮದುವೆ ಸೀಸನ್ನಿನಲ್ಲಿ ಸೀರೆ ಓಡುತ್ತೆ, ಉಳಿದ ತಿಂಗಳು ಗಂಟು ಗೋದಾಮಿನಲ್ಲಿ ಕೂತಿರುತ್ತೆ.

ಈಗ ಕಂತು ನೋಡಿ. 40 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು ಸುಮಾರು 83,000. ಒಟ್ಟು ಬಡ್ಡಿ 9 ಲಕ್ಷ 80 ಸಾವಿರ ದಾಟುತ್ತೆ. "ಕಂತು ಜಾಸ್ತಿ ಆಯ್ತಲ್ರಿ" ಅಂದರೆ ಶೋರೂಮಿನವರು 7 ವರ್ಷಕ್ಕೆ ಎಳೀತಾರೆ. ಕಂತು 64,000ದ ಹತ್ತಿರಕ್ಕೆ ಇಳಿಯುತ್ತೆ, ಬಡ್ಡಿ 14 ಲಕ್ಷಕ್ಕೆ ಏರುತ್ತೆ. ಅದೇ ಹೊತ್ತಿಗೆ ಗಾಡಿ ಬೆಲೆ ಏನಾಗ್ತಿದೆ? ವಿಮೆ ಕಂಪನಿಗಳು ಅನುಸರಿಸುವ ಸವಕಳಿ ಲೆಕ್ಕದಲ್ಲಿ ಎರಡು ವರ್ಷ ದಾಟಿದ ಗಾಡಿಗೆ 30 ಪರ್ಸೆಂಟ್, ನಾಲ್ಕು ವರ್ಷ ದಾಟಿದ ಗಾಡಿಗೆ 50 ಪರ್ಸೆಂಟ್ ಕಡಿತ. ಅಂದರೆ ಏಳು ವರ್ಷದ ಸಾಲದಲ್ಲಿ ನಾಲ್ಕು ವರ್ಷ ದಾಟೋಷ್ಟರಲ್ಲಿ ಗಾಡಿ ಮೌಲ್ಯ ಅರ್ಧಕ್ಕೆ ಬಂದಿರುತ್ತೆ.

ಹಾಗಾಗಿ ನನ್ನ ನಿಯಮ ಸರಳ. ಕಬ್ಬಿನ ಬಿಲ್ಲು ಒಂದು ವರ್ಷ ಪೂರ್ತಿ ಬರಲೇ ಇಲ್ಲ ಅಂದುಕೊಳ್ಳಿ. ಆಗಲೂ ಕಂತು ಕಟ್ಟೋಕಾಗುತ್ತಾ? ಆಗುತ್ತೆ ಅಂದರೆ ಮುಂದಿನ ಪ್ರಶ್ನೆಗೆ ಬನ್ನಿ. ಆಗಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ. ಹೊಲ, ಮಗ್ಗ ಅಡ ಇಟ್ಟು ಕಾರು ತರೋದು ಬೇಡವೇ ಬೇಡ.

ಮೂರನೇ ಪ್ರಶ್ನೆ: ನಮ್ಮ ರಸ್ತೆ ಏನು ಕೇಳುತ್ತೆ?

ಈ ಭಾಗದ ದೊಡ್ಡ ಪಾಲು ಎರೆಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಅದರ ಮೇಲೆ ಹಾಕಿದ ಡಾಂಬರು ಕೂಡ ಅದರ ಜೊತೆ ಏರಿ ಇಳಿಯುತ್ತೆ. ಹೊಸ ರಸ್ತೆಯೂ ಎರಡು ಮಳೆಗಾಲದಲ್ಲಿ ಅಲೆ ಅಲೆಯಾಗೋದು ಇದಕ್ಕೇ. ಅದರ ಮೇಲೆ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರುಗಳ ಭಾರ.

ಇಲ್ಲಿ ಟೈರ್ ಮುಖ್ಯ. ಟೈರಿನ ಪಕ್ಕದಲ್ಲಿ 225/45 ಅಂತ ಬರೆದಿದ್ದರೆ ಮೊದಲ ಸಂಖ್ಯೆ ಅಗಲ, ಎರಡನೆಯದು ಅಗಲದ ಎಷ್ಟು ಪರ್ಸೆಂಟ್ ರಬ್ಬರಿನ ಎತ್ತರ ಇದೆ ಅನ್ನೋದು. 225ರ 45 ಪರ್ಸೆಂಟ್ ಅಂದರೆ 101 ಮಿಲಿಮೀಟರ್. ಅದೇ 235/65 ಆದರೆ 152 ಮಿಲಿಮೀಟರ್ ದಾಟುತ್ತೆ. ಗುಂಡಿಗೆ ಬಿದ್ದಾಗ ಲೋಹದ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಇರೋ ದಿಂಬು ಇದೊಂದೇ. ದೊಡ್ಡ ರಿಮ್, ತೆಳು ಟೈರ್ ಫೋಟೋದಲ್ಲಿ ಚಂದ. ಲೋಕಾಪುರ ದಾಟಿ ರಾತ್ರಿ ಬರುವಾಗ ಚಂದ ಅಲ್ಲ. ಒಂದೇ ಮಾಡೆಲ್ಲಿನಲ್ಲಿ ಸಣ್ಣ ರಿಮ್ಮಿನ ಆಯ್ಕೆ ಇದ್ದರೆ ಅದನ್ನೇ ತಗೊಳ್ಳಿ. ಡಿಕ್ಕಿ ತೆಗೆಸಿ ಸ್ಪೇರ್ ಟೈರ್ ನೋಡಿ. ಇಂಥ ಗಾಡಿಗಳಲ್ಲಿ ಪೂರ್ತಿ ಅಳತೆಯ ಟೈರ್ ಬದಲು ತೆಳ್ಳಗಿನ ತಾತ್ಕಾಲಿಕ ಚಕ್ರ ಇಡೋದು ರೂಢಿ. ಅದರ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರಬೇಡಿ ಅಂತ ಬರೆದಿರುತ್ತೆ.

"ನಾಲ್ಕೂ ಚಕ್ರಕ್ಕ ಪವರ್ ಇದ್ರ ಹೊಲಕ್ಕ ಹೋಗಬಹುದಲ್ರಿ?" ಹೋಗಬಹುದು, ಒಣ ಹಾದಿಯಲ್ಲಿ. ಮಳೆ ಬಿದ್ದ ಎರೆ ಹೊಲದಲ್ಲಿ ಹೆದ್ದಾರಿ ಟೈರಿಗೆ ಮಣ್ಣು ಮೆತ್ತಿಕೊಂಡ ಮೇಲೆ ಎರಡು ಚಕ್ರವೂ ಒಂದೇ, ನಾಲ್ಕೂ ಒಂದೇ. ಕೊನೆಗೆ ಎಳೆಯೋಕೆ ಟ್ರ್ಯಾಕ್ಟರೇ ಬರಬೇಕು. ಹೊಲಕ್ಕೆ ಅಂತ ಹೆಚ್ಚು ದುಡ್ಡು ಕೊಟ್ಟು ಈ ವ್ಯವಸ್ಥೆ ತಗೋಬೇಡಿ.

ನಾಲ್ಕನೇ ಪ್ರಶ್ನೆ: ಏನು ಕುಡಿಸ್ತೀರಿ?

ಪೆಟ್ರೋಲ್ ಅಂದರೆ ಈಗ 20 ಪರ್ಸೆಂಟ್ ಎಥೆನಾಲ್. 2030ಕ್ಕೆ ಅಂತಿದ್ದ ಗುರಿಯನ್ನು ದೇಶ 2025ಕ್ಕೇ ಮುಟ್ಟಿತು. ಅದರಲ್ಲಿ ನಿಮ್ಮ ಹೊಲದ ಕಬ್ಬಿನ ಪಾಲೂ ಇದೆ, ಒಪ್ಪೋಣ. ಆದರೆ ಲೀಟರ್ ಎಥೆನಾಲ್‌ನಲ್ಲಿರೋ ಶಕ್ತಿ ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಮೈಲೇಜ್ ಲೆಕ್ಕದಲ್ಲಿ 6-7 ಪರ್ಸೆಂಟ್ ಇಳಿಯುತ್ತೆ. ಹೊಸ ಗಾಡಿ ಈ ಇಂಧನಕ್ಕೆ ಹೊಂದಿಕೊಂಡೇ ಬರುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮಾತ್ರ ಇಂಧನ ಮುಚ್ಚಳದ ಒಳಗೆ ಏನು ಬರೆದಿದೆ ಅಂತ ಓದಲೇಬೇಕು.

ಡೀಸೆಲ್ಲಿಗೆ ಈ ತೊಂದರೆ ಇಲ್ಲ, ಬೇರೆ ತೊಂದರೆ ಇದೆ. ಬಿಎಸ್6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯೋ ಜಾಲರಿ ಒಂದಿರುತ್ತೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಸುಡೋಕೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ನಿಮ್ಮ ಓಡಾಟ ರಬಕವಿಯಿಂದ ಬನಹಟ್ಟಿ, ಬನಹಟ್ಟಿಯಿಂದ ರಬಕವಿ ಅಷ್ಟೇ ಅಂದರೆ ಎಂಜಿನ್ ಬಿಸಿಯಾಗೋದ್ರೊಳಗೆ ಮನೆ ಬಂದಿರುತ್ತೆ. ಜಾಲರಿ ಕಟ್ಟಿಕೊಳ್ಳುತ್ತೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ, ಗಾಡಿ ವರ್ಕ್‌ಶಾಪಿಗೆ ಹೋಗುತ್ತೆ. ವಾರಕ್ಕೊಮ್ಮೆಯಾದರೂ ಹುಬ್ಬಳ್ಳಿ, ಬೆಳಗಾವಿ, ಪುಣೆ ಅಂತ ಉದ್ದಕ್ಕೆ ಓಡೋರಿಗೆ ಡೀಸೆಲ್ ಸರಿ. ಊರಲ್ಲೇ ಸುತ್ತೋರಿಗೆ ಬೇಡ.

ವಿದ್ಯುತ್ ಗಾಡಿಗೆ ಜಿಎಸ್‌ಟಿ 5 ಪರ್ಸೆಂಟ್ ಮಾತ್ರ. ಆದರೆ 2024ರ ತಿದ್ದುಪಡಿಯಲ್ಲಿ ಕರ್ನಾಟಕ ಸರ್ಕಾರ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ 10 ಪರ್ಸೆಂಟ್ ಜೀವಾವಧಿ ತೆರಿಗೆ ಹಾಕಿತು. ಆದರೂ ಪೆಟ್ರೋಲಿನ ಅರ್ಧ. ಚಾರ್ಜಿಂಗ್ ಲೆಕ್ಕ ನೋಡಿ. ಬ್ಯಾಟರಿ 70 ಯೂನಿಟ್ ಹಿಡಿಯೋದು, ಮನೆ ಚಾರ್ಜರ್ 7 ಕಿಲೋವ್ಯಾಟ್ ಅಂದರೆ ಖಾಲಿಯಿಂದ ತುಂಬೋಕೆ 10 ತಾಸು. ಸಾಮಾನ್ಯ ಮನೆಯ ಮೀಟರ್ ಇದನ್ನು ತಡೆಯಲ್ಲ, ಹೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬೇಕು. "ಮಗ್ಗದ ಮೀಟರ್ ಐತಲ್ರಿ, ತ್ರೀ ಫೇಸ್" ಅಂತೀರಾ? ಅದು ನೇಕಾರಿಕೆಗೆ ಅಂತ ರಿಯಾಯಿತಿಯಲ್ಲಿ ಕೊಟ್ಟ ಕರೆಂಟು. ಅದರಲ್ಲಿ ಐಷಾರಾಮಿ ಕಾರು ಚಾರ್ಜ್ ಮಾಡಿದರೆ ದುರುಪಯೋಗ ಆಗುತ್ತೆ. ಒಂದು ದಿನ ವಿಜಿಲೆನ್ಸ್‌ನವರು ಬಂದರೆ ದಂಡ ಖಚಿತ, ಮಗ್ಗದ ರಿಯಾಯಿತಿಗೂ ಕುತ್ತು.

ಐದನೇ ಪ್ರಶ್ನೆ: ಕೆಟ್ಟರೆ ಎಲ್ಲಿಗೆ?

ಕೊಳ್ಳೋವಾಗ ಶೋರೂಮಿನವರೇ ಮನೆಗೆ ಬರ್ತಾರೆ. ಕೆಟ್ಟಾಗ ನೀವು ಹೋಗಬೇಕು. ಜಮಖಂಡಿಯಿಂದ ಹುಬ್ಬಳ್ಳಿ ಒಂದೂವರೆ ನೂರು ಕಿಲೋಮೀಟರಿಗೂ ಹೆಚ್ಚು, ಬೆಳಗಾವಿ, ಕೊಲ್ಹಾಪುರ ಕೂಡ ನೂರರ ಮೇಲೆಯೇ. ಸರ್ವಿಸ್ ಸೆಂಟರಿಗೆ ಹೋಗಿ ಬರೋದು ಅಂದರೆ ಒಂದು ದಿನ ಹೋಯ್ತು. ಬಿಡಿಭಾಗ ಬರಬೇಕು ಅಂದರೆ ವಾರ ಹೋಯ್ತು. ಜಮಖಂಡಿ ಊರಿಗೆ ಇನ್ನೂ ರೈಲು ಬಂದಿಲ್ಲ, ಗಾಡಿ ಬಿಟ್ಟು ಬಸ್ಸಿನಲ್ಲಿ ವಾಪಸ್ ಬರಬೇಕು. ಆದ್ದರಿಂದ ಬ್ರ್ಯಾಂಡ್ ಆಯ್ಕೆ ಮಾಡೋಕೆ ಮುಂಚೆ ಸರ್ವಿಸ್ ಸೆಂಟರ್ ಆಯ್ಕೆ ಮಾಡಿ. ನಿಮಗೆ ಹತ್ತಿರದ ಊರಿನಲ್ಲಿ ಬರೀ ಶೋರೂಮ್ ಇದೆಯೋ, ಅಪಘಾತವಾದ ಗಾಡಿ ರಿಪೇರಿ ಮಾಡೋ ವರ್ಕ್‌ಶಾಪೂ ಇದೆಯೋ ಕೇಳಿ. ನಡುದಾರಿಯಲ್ಲಿ ನಿಂತರೆ ಎಷ್ಟು ಕಿಲೋಮೀಟರ್ ತನಕ ಉಚಿತವಾಗಿ ಎತ್ತಿಕೊಂಡು ಹೋಗ್ತಾರೆ ಅನ್ನೋದನ್ನ ಬರೆಸಿಕೊಳ್ಳಿ.

ವಿಮೆಯಲ್ಲಿ ಒಂದು ಸಾಲು ತಪ್ಪದೇ ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದ್ದು ನಿಮಗೆ ನೆನಪಿದೆ. ನೀರಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಎಂಜಿನ್ನಿಗೆ ನೀರು ಹೊಕ್ಕರೆ ಸಾಮಾನ್ಯ ಪಾಲಿಸಿ ಅದನ್ನು ಕೊಡಲ್ಲ. ಎಂಜಿನ್ ರಕ್ಷಣೆ ಅಂತ ಬೇರೆ ಸೇರಿಸಿಕೊಳ್ಳಬೇಕು.

ಆರನೇ ಪ್ರಶ್ನೆ: ಜೀವ ಉಳಿಸುತ್ತಾ?

ಈ ನಾಲ್ಕೂ ಮಾಡೆಲ್ ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿವೆ. ಆದರೆ ಅಲ್ಲಿ ಗುದ್ದಿಸಿದ್ದು ಯುರೋಪಿನಲ್ಲಿ ಮಾರೋ ಗಾಡಿಯನ್ನು. ಇಲ್ಲಿ ಕೊಡೋ ಗಾಡಿಯಲ್ಲಿ ಅದೇ ಏರ್‌ಬ್ಯಾಗ್, ತಾನೇ ಬ್ರೇಕ್ ಹಾಕೋ ಅದೇ ವ್ಯವಸ್ಥೆ ಇದೆಯಾ ಅಂತ ಪಟ್ಟಿ ಹಿಡಿದು ಕೇಳಿ. ಇನ್ನೊಂದು ಮಾತು. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯ್ತು, ಅದರಲ್ಲಿ ಮೊದಲು ಐದು ನಕ್ಷತ್ರ ಪಡೆದದ್ದು ಟಾಟಾ ಹ್ಯಾರಿಯರ್ ಮತ್ತು ಸಫಾರಿ. ಐದು ನಕ್ಷತ್ರಕ್ಕಾಗಿ 60 ಲಕ್ಷ ಕೊಡಬೇಕಾಗಿಲ್ಲ.

ಗಾಡಿ ಎಷ್ಟೇ ಒಳ್ಳೇದಿರಲಿ, ಬೆಲ್ಟ್ ಹಾಕದವರನ್ನು ಅದು ಉಳಿಸಲ್ಲ. 2022ರ ಸೆಪ್ಟೆಂಬರ್ 4ರಂದು ಮುಂಬೈ ಹತ್ತಿರದ ಪಾಲ್ಘರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಜರ್ಮನ್ ಐಷಾರಾಮಿ ಎಸ್‌ಯುವಿಯಲ್ಲೇ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಆ ಇಬ್ಬರೂ ಹೋದರು, ಮುಂದಿನ ಇಬ್ಬರು ಉಳಿದರು. ಜಮಖಂಡಿಯವರಿಗೆ ರಸ್ತೆ ಕಸಿದುಕೊಂಡ ನೋವು ಹೊಸದಲ್ಲ. ಚಿಕ್ಕಪಡಸಲಗಿ ಬ್ಯಾರೇಜಿನ ಸಿದ್ದು ನ್ಯಾಮಗೌಡರು ಶಾಸಕರಾಗಿದ್ದಾಗಲೇ 2018ರ ಮೇ 28ರಂದು ತುಳಸಿಗೇರಿ ಬಳಿ ಅಪಘಾತದಲ್ಲಿ ತೀರಿಕೊಂಡರು.

ಹಂಗಾಮಿನ ರಾತ್ರಿ ರಿಫ್ಲೆಕ್ಟರ್ ಇಲ್ಲದ, ಹಿಂದಿನ ದೀಪ ಇಲ್ಲದ ಕಬ್ಬಿನ ಟ್ರೇಲರ್ ನಡುರಸ್ತೆಯಲ್ಲಿ ನಿಂತಿರುತ್ತೆ. ಕಬ್ಬಿನ ಗಣಿಕೆ ಆಚೆ ಚಾಚಿಕೊಂಡಿರುತ್ತೆ. ಆದ್ದರಿಂದ ಟೆಸ್ಟ್ ಡ್ರೈವ್ ಹಗಲಿನಲ್ಲಿ ಒಂದು ಸಲ ಮಾಡಿದರೆ ಸಾಲದು, ರಾತ್ರಿಯೂ ಕೇಳಿ ಮಾಡಿ. ಚಾವಣಿ ತೆರೆಯೋ ಗಾಜಿಗೆ ಕೊಡೋ ದುಡ್ಡನ್ನು ಒಳ್ಳೇ ಹೆಡ್‌ಲೈಟಿಗೆ ಕೊಡಿ.

ಕೊನೆಯ ಪ್ರಶ್ನೆ: "ಇಬ್ಬರು" ಅಂದರೆ ಯಾರು?

ನಮ್ಮ ಕಡೆ ಇಬ್ಬರ ಸಂಸಾರ ಅಂತ ಒಂದಿಲ್ಲ. ಜಾತ್ರೆಗೆ ಅತ್ತಿ ಬರ್ತಾರೆ, ಮದುವೆಗೆ ಕಾಕಾ-ಕಾಕು ಬರ್ತಾರೆ, ಮಧ್ಯರಾತ್ರಿ ಅಪ್ಪನಿಗೆ ಎದೆನೋವು ಅಂದರೆ ಮಿರಜ್‌ಗೋ ಬೆಳಗಾವಿಗೋ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಓಡಬೇಕು. ಈ ಗಾಡಿಗಳ ಹಿಂದಿನ ಸೀಟು ಇಬ್ಬರಿಗೆ ಆರಾಮ, ಮೂರನೆಯವರಿಗೆ ಇಕ್ಕಟ್ಟು. ಶೋರೂಮಿಗೆ ಹೋಗುವಾಗ ಮೊಣಕಾಲು ನೋವಿರೋ ಅವ್ವನನ್ನೂ ಕರ್ಕೊಂಡು ಹೋಗಿ, ಹಿಂದೆ ಹತ್ತಿಸಿ, ಇಳಿಸಿ. ಅವರು ಹೇಳೋ ಒಂದು ಮಾತು ಯಾವ ಬ್ರೋಷರಿನಲ್ಲೂ ಇರಲ್ಲ.

ಇನ್ನು ಗಂಡ-ಹೆಂಡತಿ ಇಬ್ಬರ ಗಾಡಿ ಅಂದ ಮೇಲೆ ಇಬ್ಬರೂ ಓಡಿಸಿ ನೋಡಬೇಕು. ಶೋರೂಮಿನಲ್ಲಿ ಎಂಜಿನ್ ಬಗ್ಗೆ ಯಜಮಾನರಿಗೆ ಹೇಳ್ತಾರೆ, ಬಣ್ಣದ ಬಗ್ಗೆ ಮಾತ್ರ ಅಕ್ಕಾರನ್ನ ಕೇಳ್ತಾರೆ. ಇದನ್ನು ಒಪ್ಪಬೇಡಿ. ಸೀಟ್ ಎತ್ತರಿಸಿದಾಗ ಬಾನೆಟ್ಟಿನ ಮೂಲೆ ಕಾಣುತ್ತಾ, ಪೆಡಲ್ ಸಲೀಸಾಗಿ ಸಿಗುತ್ತಾ, ಬನಹಟ್ಟಿಯ ಗಲ್ಲಿಯಲ್ಲಿ ತಿರುಗಿಸೋಕೆ ಆಗುತ್ತಾ ಅಂತ ಇಬ್ಬರೂ ನೋಡಬೇಕು. ಸಾಲದ ಕಾಗದಕ್ಕೆ ಇಬ್ಬರ ಸಹಿ ಕೇಳ್ತಾರಲ್ಲ, ಹಾಗಾದರೆ ಸ್ಟೇರಿಂಗೂ ಇಬ್ಬರಿಗೆ ಸೇರಬೇಕು.

ನನ್ನ ತೀರ್ಮಾನ

ಕೈಯಲ್ಲಿ ದುಡ್ಡಿದ್ದು, ತಿಂಗಳಿಗೆ ನಾಲ್ಕಾರು ಸಲ ಉದ್ದದ ಪ್ರಯಾಣ ಮಾಡೋ ದಂಪತಿಗೆ ನನ್ನ ಮೊದಲ ಆಯ್ಕೆ ಎಕ್ಸ್1 ಡೀಸೆಲ್. ಹೆಚ್ಚು ಶಕ್ತಿ ಬೇಕು, ಹೆಚ್ಚು ಬೆಲೆಗೆ ಅಂಜಲ್ಲ ಅನ್ನೋರಿಗೆ ಜಿಎಲ್‌ಎ ಡೀಸೆಲ್. ಓಡಾಟ ಕಮ್ಮಿ, ನುಣುಪಾದ ಪೆಟ್ರೋಲ್ ಬೇಕು ಅಂದರೆ ಕ್ಯೂ3. ಸ್ವಂತ ಮನೆ, ಹೆಚ್ಚಿಸಿದ ಲೋಡ್, ಚಾವಣಿಯ ಮೇಲೆ ಸೋಲಾರ್, ಜೊತೆಗೆ ದೂರದ ಪ್ರಯಾಣಕ್ಕೆ ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರಿಗೆ ಹೊಸಕೋಟೆಯ ವಿದ್ಯುತ್ ವೋಲ್ವೋ. ಎಲ್ಲದಕ್ಕೂ ಷರತ್ತು ಒಂದೇ: ಹತ್ತಿರದಲ್ಲಿ ಆ ಕಂಪನಿಯ ವರ್ಕ್‌ಶಾಪ್ ಇರಬೇಕು.

ಆದರೆ ಕಂತು ಕಟ್ಟೋಕೆ ಕಬ್ಬಿನ ಬಿಲ್ಲಿನ ದಾರಿ ಕಾಯಬೇಕಾದ ದಂಪತಿಗೆ ನಾನು ಹೇಳೋದು ಬೇರೆ. ಇದರ ಅರ್ಧ ಬೆಲೆಗೆ ಐದು ನಕ್ಷತ್ರದ, ಆರಾಮಾಗಿ ಐದು ಜನ ಕೂರೋ, ಜಿಲ್ಲೆಯೊಳಗೇ ರಿಪೇರಿಯಾಗೋ ಭಾರತೀಯ ಎಸ್‌ಯುವಿ ಸಿಗುತ್ತೆ. ಉಳಿದ 30 ಲಕ್ಷ ನಿಮ್ಮ ಹೆಸರಿನಲ್ಲೇ ಇರುತ್ತೆ. ಇವತ್ತು ರಾತ್ರಿ ಊಟ ಆದ ಮೇಲೆ ಗಂಡ-ಹೆಂಡತಿ ಇಬ್ಬರೂ ಒಂದು ಹಾಳೆ ತಗೊಂಡು ಕೂತು, ವರ್ಷದ ಯಾವ ತಿಂಗಳು ಎಷ್ಟು ದುಡ್ಡು ಬರುತ್ತೆ ಅಂತ ಬರೀರಿ. 83,000 ಅಂತ ಹನ್ನೆರಡು ಸಲ ಅದರ ಎದುರಿಗೆ ಬರೀರಿ. ಹನ್ನೆರಡೂ ಸಾಲು ಸರಿಹೋದರೆ ನಾಳೆನೇ ಟೆಸ್ಟ್ ಡ್ರೈವಿಗೆ ಫೋನ್ ಮಾಡಿ.